ದೊಡ್ಡ ಕಂಪನಿಯ ನೌಕರಿ ಬಿಟ್ಟು ಸಣ್ಣ ಕಂಪನಿಗೆ ಸೇರುವ ಮುನ್ನ: ಮನೆಮಂದಿ ಕೂತು ಹಾಕಬೇಕಾದ ಲೆಕ್ಕ

ನಮ್ಮ ಸಮಾಜದಲ್ಲಿ ಎರಡು ತಲೆಮಾರಿನ ಹಿಂದೆ ಹೆಚ್ಚಿನ ಮನೆಗಳಲ್ಲಿ ಅಂಗಡಿ, ಅಡತಿ ಅಥವಾ ಹೊಲ ಇತ್ತು. ನೌಕರಿ ಮಾಡುವವರು ಕಡಿಮೆ. ಈಗ ಮನೆಗೊಬ್ಬರಾದರೂ ಬೆಂಗಳೂರು, ಪುಣೆ ಅಥವಾ ಹೈದರಾಬಾದಿನ ದೊಡ್ಡ ಕಂಪನಿಯಲ್ಲಿದ್ದಾರೆ. ಇವರಲ್ಲಿ ಹಲವರಿಗೆ ಮೂವತ್ತರ ಆಸುಪಾಸಿನಲ್ಲಿ ಒಂದು ಪ್ರಶ್ನೆ ಎದುರಾಗುತ್ತದೆ. ಸಾವಿರಾರು ಜನರಿರುವ ಕಂಪನಿಯಲ್ಲೇ ಉಳಿಯಬೇಕೆ, ಅಥವಾ ಮೂವತ್ತು ನಲವತ್ತು ಜನರ ಸಣ್ಣ ಕಂಪನಿ ಕರೆದರೆ ಹೋಗಬೇಕೆ?

ಪ್ರಶ್ನೆ ನೌಕರಿ ಮಾಡುವವನದೊಂದೇ ಅಲ್ಲ. ತಂದೆ ತಾಯಿಯ ಔಷಧೋಪಚಾರ, ಮನೆ ಸಾಲ, ಮಕ್ಕಳ ಶಾಲೆ, ತಂಗಿಯ ಮದುವೆ ಎಲ್ಲವೂ ಇದಕ್ಕೆ ಸೇರಿಕೊಂಡಿವೆ. ಆದರೂ ಬಹಳ ಮನೆಗಳಲ್ಲಿ ಮಾತು ಎರಡೇ ವಾಕ್ಯದಲ್ಲಿ ಮುಗಿಯುತ್ತದೆ. ಹಿರಿಯರು "ಇದ್ದ ನೌಕರಿ ಬಿಡಬೇಡ" ಎನ್ನುತ್ತಾರೆ, ಕಿರಿಯರು "ನಿಮಗೆ ತಿಳಿಯೋದಿಲ್ಲ" ಎನ್ನುತ್ತಾರೆ. ಈ ಎರಡೂ ಮಾತಿನಲ್ಲಿ ಲೆಕ್ಕ ಇಲ್ಲ. ಆ ಲೆಕ್ಕವನ್ನು ಹೇಗೆ ಹಾಕಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ದೊಡ್ಡದು ಎಂದರೆ ಶಾಶ್ವತವೆ?

ದೊಡ್ಡ ಕಂಪನಿ ಮುಳುಗುವುದಿಲ್ಲ ಎಂಬ ನಂಬಿಕೆ ಹಿರಿಯರಲ್ಲಿ ಗಟ್ಟಿಯಾಗಿದೆ. ಕರ್ನಾಟಕದ ಅನುಭವ ಬೇರೆ ಹೇಳುತ್ತದೆ. ಎಚ್‌ಎಂಟಿ ಗಡಿಯಾರ ಒಂದು ಕಾಲದಲ್ಲಿ ಪ್ರತಿ ಮದುವೆಯ ಉಡುಗೊರೆಯಾಗಿತ್ತು. ಬೆಂಗಳೂರು ಮತ್ತು ತುಮಕೂರಿನಲ್ಲಿ ಅದರ ಕಾರ್ಖಾನೆಗಳಿದ್ದವು. 2016ರಲ್ಲಿ ಕೇಂದ್ರ ಸರ್ಕಾರ ಗಡಿಯಾರದ ವಿಭಾಗವನ್ನು ಮುಚ್ಚಲು ತೀರ್ಮಾನಿಸಿತು. ಬೆಂಗಳೂರಿನ ಎನ್‌ಜಿಇಎಫ್ ಕೂಡ ಮುಚ್ಚಿತು. ಬೆಂಗಳೂರಿನಲ್ಲಿ ನೋಂದಾಯಿತ ಕಚೇರಿ ಇದ್ದ ಕಿಂಗ್‌ಫಿಶರ್ ಏರ್‌ಲೈನ್ಸ್ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿದಾಗ ಸಾವಿರಾರು ನೌಕರರಿಗೆ ತಿಂಗಳುಗಳ ಸಂಬಳ ಬಾಕಿ ಇತ್ತು. 2009ರ ಜನವರಿಯಲ್ಲಿ ಸತ್ಯಂ ಕಂಪನಿಯ ಲೆಕ್ಕಪತ್ರದ ಮೋಸ ಹೊರಬಂದಾಗ ಅಲ್ಲಿದ್ದ ಹತ್ತಾರು ಸಾವಿರ ಕುಟುಂಬಗಳು ರಾತ್ರೋರಾತ್ರಿ ಆತಂಕಕ್ಕೆ ಬಿದ್ದವು.

ಹಾಗೆಂದು ಸಣ್ಣ ಕಂಪನಿ ಮೇಲು ಎಂದಲ್ಲ. ಸಣ್ಣದಕ್ಕೆ ಒಂದು ದೊಡ್ಡ ಗಿರಾಕಿ ಕೈಬಿಟ್ಟರೆ ಸಾಕು, ಮೂರು ತಿಂಗಳಲ್ಲಿ ಸಂಬಳ ತಡವಾಗುತ್ತದೆ. ಆದ್ದರಿಂದ ಗಾತ್ರ ನೋಡಿ ತೀರ್ಮಾನಿಸುವಂತಿಲ್ಲ. ಆ ಕಂಪನಿಯ ಸ್ಥಿತಿ ಮತ್ತು ತನ್ನ ಮನೆಯ ಸ್ಥಿತಿ, ಇವೆರಡನ್ನೂ ನೋಡಬೇಕು.

1981ರ ಒಂದು ಉದಾಹರಣೆ

ಸಣ್ಣ ಕಂಪನಿಯ ಮಾತು ಬಂದಾಗ ಎಲ್ಲರೂ ಇನ್ಫೋಸಿಸ್ ಹೆಸರು ಹೇಳುತ್ತಾರೆ. ಎನ್.ಆರ್. ನಾರಾಯಣ ಮೂರ್ತಿ ಮತ್ತು ಅವರ ಜೊತೆಗಾರರು ಪಟ್ನಿ ಕಂಪ್ಯೂಟರ್ ಸಿಸ್ಟಮ್ಸ್‌ನ ನೌಕರಿ ಬಿಟ್ಟು 1981ರಲ್ಲಿ ಪುಣೆಯಲ್ಲಿ ಇನ್ಫೋಸಿಸ್ ಆರಂಭಿಸಿದರು. ಮೊದಲ ಬಂಡವಾಳಕ್ಕೆ ಸುಧಾ ಮೂರ್ತಿಯವರು ತಮ್ಮ ಉಳಿತಾಯದಿಂದ 10,000 ರೂಪಾಯಿ ಕೊಟ್ಟದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. 1983ರಲ್ಲಿ ಕಂಪನಿ ಬೆಂಗಳೂರಿಗೆ ಬಂತು.

ಈ ಕಥೆಯಲ್ಲಿ ಜನ ಮರೆಯುವ ಮೂರು ಸಂಗತಿಗಳಿವೆ. ಒಂದು, ಆ ಆರಂಭದ ದಿನಗಳಲ್ಲಿ ಸುಧಾ ಮೂರ್ತಿಯವರು ನೌಕರಿಯಲ್ಲಿದ್ದರು, ಮನೆಗೆ ಒಂದು ಸಂಬಳ ಬರುತ್ತಿತ್ತು. ಎರಡು, ಕಂಪನಿ ಶೇರು ಮಾರುಕಟ್ಟೆಗೆ ಬಂದದ್ದು 1993ರಲ್ಲಿ, ಅಂದರೆ ಹನ್ನೆರಡು ವರ್ಷದ ನಂತರ. ಮೂರು, ಏಳು ಜನ ಸ್ಥಾಪಕರಲ್ಲಿ ಒಬ್ಬರಾದ ಅಶೋಕ್ ಅರೋರಾ 1989ರಲ್ಲಿ ಹೊರಗೆ ಹೋದರು. 1990ರಲ್ಲಿ ಕಂಪನಿಯನ್ನೇ ಮಾರಿಬಿಡುವ ಮಾತು ಕೂಡ ಸ್ಥಾಪಕರ ನಡುವೆ ಬಂದಿತ್ತು.

ಇದರಿಂದ ಮನೆಯವರು ತಿಳಿಯಬೇಕಾದದ್ದು ಇಷ್ಟು. ಗೆದ್ದ ಕಂಪನಿಗೂ ಹತ್ತು ವರ್ಷ ಬೇಕಾಯಿತು, ಆ ಹತ್ತು ವರ್ಷ ಮನೆ ನಡೆಯಲು ಬೇರೆ ಆಧಾರ ಬೇಕಾಯಿತು. ಅದೇ ಕಾಲದಲ್ಲಿ ಆರಂಭವಾಗಿ ಹೆಸರಿಲ್ಲದೆ ಹೋದ ಕಂಪನಿಗಳ ಕಥೆಯನ್ನು ಯಾರೂ ಹೇಳುವುದಿಲ್ಲ.

ಒಂದು ಮನೆಯ ಲೆಕ್ಕ

ಲೆಕ್ಕ ಸ್ಪಷ್ಟವಾಗಲು ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳಬಹುದು. ಬೆಳಗಾವಿಯ ಮನೆತನದ 32 ವರ್ಷದ ಮೆಕ್ಯಾನಿಕಲ್ ಎಂಜಿನಿಯರ್ ಒಬ್ಬ ಬೆಂಗಳೂರಿನ ದೊಡ್ಡ ಕಂಪನಿಯಲ್ಲಿ 4 ವರ್ಷ 7 ತಿಂಗಳಿಂದ ಇದ್ದಾನೆ. ಮಾಲೀಕರ ಪಾಲಿನ ಪಿಎಫ್ ಬಿಟ್ಟು ತಿಂಗಳ ಒಟ್ಟು ಸಂಬಳ 90,000 ರೂಪಾಯಿ, ಅದರಲ್ಲಿ ಮೂಲ ವೇತನ 45,000. ಮನೆ ಬಾಡಿಗೆ 22,000. ತಂದೆ ತಾಯಿ ಬೆಳಗಾವಿಯ ಸ್ವಂತ ಮನೆಯಲ್ಲಿದ್ದಾರೆ, ತಾಯಿಗೆ ಸಕ್ಕರೆ ಕಾಯಿಲೆ. ಉದ್ಯಮಬಾಗದಲ್ಲಿ 40 ಜನರಿರುವ ಒಂದು ಯಂತ್ರಭಾಗಗಳ ಕಂಪನಿ 80,000 ಸಂಬಳ ಕೊಡುತ್ತೇನೆ, ಇಡೀ ಉತ್ಪಾದನಾ ವಿಭಾಗ ನೋಡಿಕೊ ಎನ್ನುತ್ತಿದೆ.

ಮೇಲುನೋಟಕ್ಕೆ ತಿಂಗಳಿಗೆ 10,000 ನಷ್ಟ. ಆದರೆ ಲೆಕ್ಕ ಅಲ್ಲಿಗೆ ನಿಲ್ಲುವುದಿಲ್ಲ.

ಪಿಎಫ್: ಈಗಿನ ಕಂಪನಿ ಪೂರ್ತಿ ಮೂಲ ವೇತನದ ಮೇಲೆ ಶೇ. 12 ಕಟ್ಟುತ್ತಿದ್ದರೆ ಮಾಲೀಕರ ಪಾಲು 5,400 ರೂಪಾಯಿ. ಹೊಸ ಕಂಪನಿ ಕಾನೂನಿನ ಮಿತಿಯಾದ 15,000 ರೂಪಾಯಿಯ ಮೇಲೆ ಮಾತ್ರ ಕಟ್ಟಿದರೆ ಅದು 1,800. ತಿಂಗಳಿಗೆ 3,600 ಕಡಿಮೆ, ವರ್ಷಕ್ಕೆ 43,200. ಈ ಹಣ ಕಣ್ಣಿಗೆ ಕಾಣುವುದಿಲ್ಲ, ನಿವೃತ್ತಿಯ ಹೊತ್ತಿಗೆ ಕಾಣುತ್ತದೆ.

ಆರೋಗ್ಯ ವಿಮೆ: ದೊಡ್ಡ ಕಂಪನಿಯ ಗುಂಪು ವಿಮೆಯಲ್ಲಿ ತಂದೆ ತಾಯಿ ಇದ್ದರೆ, ಮಗ ಕೆಲಸ ಬಿಟ್ಟ ದಿನ ಅವರ ರಕ್ಷಣೆಯೂ ಮುಗಿಯುತ್ತದೆ. ಮನೆಗೆ ಸ್ವಂತ ವಿಮೆ ಬೇಕಾಗುತ್ತದೆ. ಅದಕ್ಕೆ ವರ್ಷಕ್ಕೆ 60,000 ಕಟ್ಟಬೇಕಾಯಿತು ಎಂದರೆ ತಿಂಗಳಿಗೆ 5,000.

ಬಾಡಿಗೆ: ಸ್ವಂತ ಮನೆಗೆ ಬರುವುದರಿಂದ 22,000 ಉಳಿಯುತ್ತದೆ.

ಈಗ ಕೂಡಿಸಿ ಕಳೆದರೆ, ಹೋಗುವುದು 10,000 + 3,600 + 5,000, ಅಂದರೆ 18,600. ಉಳಿಯುವುದು 22,000. ಸಂಬಳದ ಕಾಗದದಲ್ಲಿ ನಷ್ಟ ಕಂಡ ಕೆಲಸ ಮನೆಯ ಖಾತೆಯಲ್ಲಿ ತಿಂಗಳಿಗೆ 3,400 ರೂಪಾಯಿ ಲಾಭ ತೋರಿಸುತ್ತದೆ.

ಆದರೆ ಹೆಂಡತಿ ಬೆಂಗಳೂರಿನಲ್ಲಿ 40,000 ಸಂಬಳದ ಕೆಲಸದಲ್ಲಿದ್ದು, ಬೆಳಗಾವಿಯಲ್ಲಿ ಅಂಥ ಕೆಲಸ ಸಿಗದಿದ್ದರೆ? ಲೆಕ್ಕ ಪೂರ್ತಿ ತಿರುಗಿಬೀಳುತ್ತದೆ. 3,400 ಲಾಭ ಇದ್ದದ್ದು 36,600 ನಷ್ಟವಾಗುತ್ತದೆ. ಬಹಳ ಮನೆಗಳಲ್ಲಿ ಮಗನ ನೌಕರಿಯ ಬಗ್ಗೆ ತಂದೆ, ಕಾಕಾ, ಮಾಮ ಎಲ್ಲರೂ ಅಭಿಪ್ರಾಯ ಹೇಳುತ್ತಾರೆ, ಸೊಸೆಯನ್ನು ಕೊನೆಗೆ ಕೇಳುತ್ತಾರೆ. ಹಣದ ದೃಷ್ಟಿಯಿಂದ ನೋಡಿದರೂ ಮೊದಲು ಕೇಳಬೇಕಾದದ್ದು ಅವಳನ್ನೇ. ದುಡಿಯುತ್ತಿರುವವಳು ಮಗಳಾಗಿದ್ದು, ಸಣ್ಣ ಕಂಪನಿಗೆ ಹೋಗುವ ಯೋಚನೆ ಅವಳದ್ದಾಗಿದ್ದರೂ ಇದೇ ಲೆಕ್ಕ, ಇದೇ ಗೌರವ.

ಐದು ತಿಂಗಳು ಕಾದರೆ ಒಂದು ಲಕ್ಷ ಮೂವತ್ತು ಸಾವಿರ

ಮೇಲಿನ ಉದಾಹರಣೆಯಲ್ಲಿ ಇನ್ನೊಂದು ದೊಡ್ಡ ಮೊತ್ತ ಅಡಗಿದೆ. ಅದು ಗ್ರಾಚ್ಯುಟಿ. ಹತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಐದು ವರ್ಷ ಸತತ ಸೇವೆ ಮುಗಿಸಿದ ಕಾಯಂ ನೌಕರನಿಗೆ ಗ್ರಾಚ್ಯುಟಿ ಸಿಗುತ್ತದೆ. 1972ರ ಕಾಯ್ದೆಯಿಂದ ಬಂದ ಲೆಕ್ಕ ಹೀಗಿದೆ: ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು.

45,000 ರೂಪಾಯಿಗೆ ಐದು ವರ್ಷಕ್ಕೆ ಇದು ಸುಮಾರು 1,29,808 ರೂಪಾಯಿ. 4 ವರ್ಷ 7 ತಿಂಗಳಿಗೆ ಬಿಟ್ಟರೆ ಈ ಹಣ ಕೈತಪ್ಪುತ್ತದೆ. ಐದನೆಯ ವರ್ಷದಲ್ಲಿ 240 ದಿನ ಕೆಲಸ ಮಾಡಿದ್ದರೆ ಸಾಕು ಎಂದು ಕೆಲವರು ಹೇಳುತ್ತಾರೆ. ಎಲ್ಲ ಕಂಪನಿಗಳೂ ಅದನ್ನು ಒಪ್ಪುವುದಿಲ್ಲ. ಪೂರ್ತಿ ಐದು ವರ್ಷ ಮುಗಿಸುವುದೇ ಕ್ಷೇಮ.

ನೋಟಿಸ್ ಅವಧಿಯೂ ಸೇವೆಯಲ್ಲಿ ಸೇರುತ್ತದೆ. ಮೂರು ತಿಂಗಳ ನೋಟಿಸ್ ಇದ್ದರೆ, ಇನ್ನು ಎರಡು ತಿಂಗಳು ಬಿಟ್ಟು ರಾಜೀನಾಮೆ ಕೊಟ್ಟರೂ ಐದು ವರ್ಷ ತುಂಬುತ್ತದೆ. ಆದರೆ ಕಂಪನಿ ಮೊದಲೇ ಕಳಿಸಿಬಿಡುವ ಸಾಧ್ಯತೆ ಇರುತ್ತದೆ. ಆದ್ದರಿಂದ ಒಂದೆರಡು ವಾರ ಹೆಚ್ಚು ಕಾಯುವುದು, ಅಥವಾ ಐದು ವರ್ಷ ತುಂಬಿದ ಮೇಲೆಯೇ ಪತ್ರ ಕೊಡುವುದು ಜಾಣತನ. ಒಳ್ಳೆಯ ಸಣ್ಣ ಕಂಪನಿ ಬೇಕಾದ ಮನುಷ್ಯನಿಗಾಗಿ ಕೆಲವು ತಿಂಗಳು ಕಾಯುತ್ತದೆ. "ನಾಳೆಯೇ ಬಾ, ಇಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ" ಎನ್ನುವ ಕಡೆ ಯಾಕಿಷ್ಟು ಅವಸರ ಎಂದು ವಿಚಾರಿಸಬೇಕು.

2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ನಿಗದಿತ ಅವಧಿಯ ಗುತ್ತಿಗೆ ನೌಕರರಿಗೆ ಒಂದು ವರ್ಷದ ನಂತರ ಗ್ರಾಚ್ಯುಟಿಯ ಹಕ್ಕು ಇದೆ. ಕಾಯಂ ನೌಕರರಿಗೆ ಐದು ವರ್ಷದ ನಿಯಮ ಮುಂದುವರಿದಿದೆ. ರಾಜೀನಾಮೆ ಕೊಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳಲ್ಲಿ ಕೊಡಬೇಕು ಎಂಬ ನಿಯಮವೂ ವೇತನ ಸಂಹಿತೆಯಲ್ಲಿದೆ.

ತಂದೆ ತಾಯಿಯ ವಿಮೆ: ಮೊದಲು ಮಾಡಬೇಕಾದ ಕೆಲಸ

ಸಂಬಳ ಹೆಚ್ಚು ಕಡಿಮೆಯಾದರೆ ಮನೆ ಹೇಗೋ ಸುಧಾರಿಸಿಕೊಳ್ಳುತ್ತದೆ. ವಿಮೆ ಇಲ್ಲದ ತಿಂಗಳಲ್ಲಿ ತಂದೆಗೆ ಹೃದಯದ ತೊಂದರೆ ಬಂದರೆ ಹತ್ತು ವರ್ಷದ ಉಳಿತಾಯ ಹೋಗುತ್ತದೆ.

ಗುಂಪು ವಿಮೆಯಲ್ಲಿ ಸಾಮಾನ್ಯವಾಗಿ ಹಳೆಯ ಕಾಯಿಲೆಗೂ ಮೊದಲ ದಿನದಿಂದ ರಕ್ಷಣೆ ಇರುತ್ತದೆ. ಸ್ವಂತ ವಿಮೆ ಹಾಗಲ್ಲ. ಅಪಘಾತ ಬಿಟ್ಟು ಉಳಿದ ಚಿಕಿತ್ಸೆಗೆ ಮೊದಲ 30 ದಿನ ಹಣ ಸಿಗುವುದಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥ ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿ ಇರುತ್ತದೆ. 2024ರ ನಿಯಮದ ಪ್ರಕಾರ ಅದು ಗರಿಷ್ಠ 3 ವರ್ಷ.

ಇದಕ್ಕೆ ಎರಡು ದಾರಿಗಳಿವೆ. ಮೊದಲನೆಯದು, ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳುವುದು. ಹಾಗೆ ಮಾಡಿದರೆ ಈಗಾಗಲೇ ಕಳೆದ ವರ್ಷಗಳು ಕಾಯುವ ಅವಧಿಯಲ್ಲಿ ಲೆಕ್ಕಕ್ಕೆ ಬರುತ್ತವೆ. ಇದಕ್ಕೆ ಕೆಲಸ ಬಿಡುವ ಮೊದಲೇ ಅರ್ಜಿ ಹಾಕಬೇಕು. ಬಿಟ್ಟ ಮೇಲೆ ಓಡಾಡಿದರೆ ತಡವಾಗುತ್ತದೆ. ಎರಡನೆಯದು, ನೌಕರಿಯಲ್ಲಿರುವಾಗಲೇ ಸ್ವಂತ ಪಾಲಿಸಿ ಮಾಡಿ ಇಡುವುದು. ನೌಕರಿ ಬದಲಿಸುವ ಯೋಚನೆ ಇಲ್ಲದವರಿಗೂ ಇದು ಒಳ್ಳೆಯದು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲೆ ಜಿಎಸ್‌ಟಿ ಇಲ್ಲ. ಕಾಯಿಲೆಗಳನ್ನು ಅರ್ಜಿಯಲ್ಲಿ ಮುಚ್ಚಿಡಬಾರದು. ಮುಚ್ಚಿಟ್ಟದ್ದು ಆಸ್ಪತ್ರೆಯಲ್ಲಿ ಮಲಗಿದಾಗ ಹೊರಬರುತ್ತದೆ.

ಸಣ್ಣ ಕಂಪನಿಯನ್ನು ಪರೀಕ್ಷಿಸುವುದು ಹೇಗೆ

ಹೆಣ್ಣು ಗಂಡು ನೋಡುವಾಗ ಊರು, ಮನೆತನ, ವ್ಯವಹಾರ ಎಲ್ಲ ವಿಚಾರಿಸುವ ನಮ್ಮವರು ಮಗ ಸೇರುವ ಕಂಪನಿಯನ್ನು ವಿಚಾರಿಸುವುದೇ ಇಲ್ಲ. ಈಗ ಇದು ಕಷ್ಟದ ಕೆಲಸವೂ ಅಲ್ಲ.

ಪ್ರೈವೇಟ್ ಲಿಮಿಟೆಡ್ ಕಂಪನಿಯಾದರೆ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಅದರ ಹೆಸರು ಹಾಕಿ ನೋಡಬಹುದು. ಯಾವಾಗ ನೋಂದಣಿಯಾಯಿತು, ಬಂಡವಾಳ ಎಷ್ಟು, ವಾರ್ಷಿಕ ಸಭೆ ಮತ್ತು ಬ್ಯಾಲೆನ್ಸ್ ಶೀಟಿನ ಕೊನೆಯ ದಿನಾಂಕ ಯಾವುದು ಎಂಬುದು ಸಿಗುತ್ತದೆ. ಎರಡು ಮೂರು ವರ್ಷದಿಂದ ಲೆಕ್ಕಪತ್ರ ಸಲ್ಲಿಸದಿದ್ದರೆ ಅದು ಕೆಂಪು ದೀಪ. ಒಬ್ಬರೇ ಮಾಲೀಕರ ಸಂಸ್ಥೆ ಅಥವಾ ಪಾಲುದಾರಿಕೆಯಾದರೆ ಅಲ್ಲಿ ಮಾಹಿತಿ ಇರುವುದಿಲ್ಲ. ಆಗ ಜಿಎಸ್‌ಟಿ ಸಂಖ್ಯೆಯ ಮೂಲಕ ನೋಂದಣಿ ಚಾಲ್ತಿಯಲ್ಲಿದೆಯೇ ಎಂದು ನೋಡಬಹುದು. ಒಬ್ಬರೇ ಮಾಲೀಕರಿದ್ದಲ್ಲಿ ಇನ್ನೊಂದು ಮಾತು ನೆನಪಿಡಬೇಕು. ಕಾನೂನಿನ ಕಣ್ಣಿಗೆ ಆ ಸಂಸ್ಥೆ ಮತ್ತು ಆ ಮನುಷ್ಯ ಎರಡಲ್ಲ. ಅವರ ನಂತರ ಯಾರು ಎಂಬುದು ನೌಕರನಿಗೂ ಸಂಬಂಧಿಸಿದ ಪ್ರಶ್ನೆ.

20 ಅಥವಾ ಹೆಚ್ಚು ಜನರಿರುವ ಸಂಸ್ಥೆ ಪಿಎಫ್ ಕಟ್ಟಲೇಬೇಕು. ಪಿಎಫ್ ಸಂಸ್ಥೆಯ ಜಾಲತಾಣದಲ್ಲಿ ಕಂಪನಿಯ ಹೆಸರು ಹುಡುಕಿದರೆ ಯಾವ ತಿಂಗಳು ಎಷ್ಟು ಜನರಿಗೆ ಕಟ್ಟಿದ್ದಾರೆ ಎಂಬುದು ಕಾಣುತ್ತದೆ. ತಿಂಗಳು ತಪ್ಪದೆ ಕಟ್ಟಿದ್ದರೆ ಸಂಬಳವೂ ಹೊತ್ತಿಗೆ ಬರುತ್ತಿದೆ ಎಂದು ಬಹುಮಟ್ಟಿಗೆ ನಂಬಬಹುದು. ನಡುವೆ ತಿಂಗಳುಗಳು ಬಿಟ್ಟುಹೋಗಿದ್ದರೆ, ಅಥವಾ ಜನರ ಸಂಖ್ಯೆ ಒಂದೇ ಸಮನೆ ಇಳಿಯುತ್ತಿದ್ದರೆ ಕಾರಣ ಕೇಳಬೇಕು.

ಕಾಗದದಲ್ಲಿ ಸಿಗದ ವಿಷಯಗಳನ್ನು ಮಾಲೀಕರ ಎದುರು ಕೂತು ಕೇಳಬೇಕು. ಒಟ್ಟು ವ್ಯಾಪಾರದಲ್ಲಿ ಅತಿ ದೊಡ್ಡ ಗಿರಾಕಿಯ ಪಾಲು ಎಷ್ಟು? ಅರ್ಧಕ್ಕಿಂತ ಹೆಚ್ಚು ಒಬ್ಬರದೇ ಆಗಿದ್ದರೆ, ಆ ಗಿರಾಕಿಯ ಮನೆಯಲ್ಲಿ ನೆಗಡಿಯಾದರೆ ಇಲ್ಲಿ ಜ್ವರ ಬರುತ್ತದೆ. ಹಣ ವಸೂಲಿಗೆ ಎಷ್ಟು ದಿನ ಹಿಡಿಯುತ್ತದೆ? ವ್ಯಾಪಾರ ಮಾಡಿದವರಿಗೆ ಇದು ಗೊತ್ತು. ಸಣ್ಣ ಸಂಸ್ಥೆ ಆರ್ಡರ್ ಇಲ್ಲದೆ ಮುಚ್ಚುವುದಕ್ಕಿಂತ ಉದ್ರಿ ವಸೂಲಾಗದೆ ಮುಚ್ಚುವುದೇ ಹೆಚ್ಚು. ಸಣ್ಣ ಉದ್ದಿಮೆಗಳಿಗೆ ಗರಿಷ್ಠ 45 ದಿನಗಳಲ್ಲಿ ಹಣ ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ. ಆದರೂ ದೊಡ್ಡ ಗಿರಾಕಿಯನ್ನು ಎದುರುಹಾಕಿಕೊಳ್ಳಲು ಸಣ್ಣವರು ಹಿಂಜರಿಯುತ್ತಾರೆ. ಪುಸ್ತಕದಲ್ಲಿ ಲಾಭ ಇದ್ದು ಗಲ್ಲಾದಲ್ಲಿ ಹಣ ಇಲ್ಲದ ಸ್ಥಿತಿ ಬರುವುದು ಹೀಗೆಯೇ.

ಈ ಪ್ರಶ್ನೆಗಳನ್ನು ಮರ್ಯಾದೆಯಿಂದ ಕೇಳಿದಾಗ ಒಳ್ಳೆಯ ಮಾಲೀಕರಿಗೆ ಸಂತೋಷವೇ ಆಗುತ್ತದೆ. ತನ್ನ ವ್ಯವಹಾರ ತಿಳಿಯುವ ಮನುಷ್ಯ ಬಂದ ಎಂದುಕೊಳ್ಳುತ್ತಾರೆ. ಸಿಟ್ಟಾಗುವವರ ಉತ್ತರವೂ ಒಂದು ಉತ್ತರವೇ. ಅಲ್ಲಿ ಕೆಲಸ ಬಿಟ್ಟವರೊಬ್ಬರನ್ನು ಹುಡುಕಿ ಮಾತಾಡಿಸುವುದು ಎಲ್ಲಕ್ಕಿಂತ ಉಪಯುಕ್ತ.

ಶೇರು ಕೊಡುತ್ತೇವೆ ಎಂದರೆ

ಕೆಲವು ಹೊಸ ಕಂಪನಿಗಳು ಸಂಬಳ ಕಡಿಮೆ ಕೊಟ್ಟು ಶೇರಿನ ಆಸೆ ತೋರಿಸುತ್ತವೆ. ಇನ್ಫೋಸಿಸ್ 1990ರ ದಶಕದಲ್ಲಿ ನೌಕರರಿಗೆ ಶೇರು ಕೊಟ್ಟದ್ದರಿಂದ ಹಲವರ ಬದುಕು ಬದಲಾಯಿತು ಎಂಬುದು ನಿಜ. ಆದರೆ ಅದು ಮಾರುಕಟ್ಟೆಯಲ್ಲಿ ಮಾರಲು ಸಿಗುವ ಶೇರಾಗಿತ್ತು. ಸಣ್ಣ ಖಾಸಗಿ ಕಂಪನಿಯ ಶೇರನ್ನು ಕೊಳ್ಳುವವರು ಸಿಗುವವರೆಗೆ ಅದಕ್ಕೆ ಬೆಲೆ ಇಲ್ಲ. ಶೇರು ಕೈಗೆ ಬರಲು ಕನಿಷ್ಠ ಒಂದು ವರ್ಷ ಕಾಯಬೇಕು, ಸಾಮಾನ್ಯವಾಗಿ ಮೂರು ನಾಲ್ಕು ವರ್ಷಗಳಲ್ಲಿ ಕಂತುಗಳಾಗಿ ಬರುತ್ತದೆ. ನಡುವೆ ಬಿಟ್ಟರೆ ಉಳಿದದ್ದು ಹೋಗುತ್ತದೆ. ಶೇರು ತೆಗೆದುಕೊಳ್ಳುವಾಗ ಅದರ ಲಾಭವನ್ನು ಸಂಬಳದ ಭಾಗ ಎಂದು ಪರಿಗಣಿಸಿ ತೆರಿಗೆಯೂ ಬೀಳುತ್ತದೆ. ಆದ್ದರಿಂದ ಮನೆ ಖರ್ಚಿನ ಲೆಕ್ಕದಲ್ಲಿ ಇದನ್ನು ಸೊನ್ನೆ ಎಂದೇ ಹಿಡಿಯಬೇಕು. ಬಂದರೆ ಬಂತು.

ಸಂಬಂಧಿಕರ ಸಂಸ್ಥೆಯಾದರೆ

ನಮ್ಮ ಸಮಾಜದಲ್ಲಿ ಸಣ್ಣ ಕಂಪನಿ ಎಂದರೆ ಬಹಳ ಸಲ ಕಾಕಾನದೋ, ಮಾಮನದೋ, ಬೀಗರದೋ ಆಗಿರುತ್ತದೆ. "ನಮ್ಮ ಹುಡುಗ, ಅವನಿಗೇನು ಪತ್ರ" ಎಂದು ಅವರು ಪ್ರೀತಿಯಿಂದಲೇ ಹೇಳುತ್ತಾರೆ. ಸಂಬಳ ಎಷ್ಟು ಎಂದು ಕೇಳಲು ಇವನಿಗೆ ಸಂಕೋಚ. ಮುಂದೆ ಪಾಲು ಕೊಡುತ್ತೇವೆ ಎಂಬ ಮಾತು ಊಟದ ಹೊತ್ತಿನಲ್ಲಿ ಬಂದಿರುತ್ತದೆ. ಏಳೆಂಟು ವರ್ಷ ಕಳೆದ ಮೇಲೆ ಅವರ ಮಗ ಓದು ಮುಗಿಸಿ ಬಂದು ಗಲ್ಲಾದ ಮೇಲೆ ಕೂರುತ್ತಾನೆ. ಆಗ ಹಳೆಯ ಮಾತು ಯಾರಿಗೂ ನೆನಪಿರುವುದಿಲ್ಲ. ನೌಕರಿ ಹೋದರೆ ಇನ್ನೊಂದು ಸಿಗುತ್ತದೆ. ಅಣ್ಣ ತಮ್ಮಂದಿರ ಮನೆಗಳ ನಡುವೆ ಮಾತು ನಿಂತರೆ ಹತ್ತು ವರ್ಷವಾದರೂ ಕೂಡುವುದಿಲ್ಲ.

ಇದಕ್ಕೆ ಉಪಾಯ ಸರಳ. ಸಂಬಂಧಿಕರಾದರೆ ಪತ್ರ ಇನ್ನೂ ಹೆಚ್ಚು ಬೇಕು. ಕೆಲಸ ಏನು, ಸಂಬಳ ಎಷ್ಟು, ರಜೆ ಎಷ್ಟು, ಪಾಲು ಕೊಡುವುದಾದರೆ ಯಾವಾಗ, ಎಷ್ಟು ಎಂಬುದನ್ನು ಬರೆದು ಇಬ್ಬರೂ ಸಹಿ ಮಾಡಬೇಕು. ಇದನ್ನು ಹುಡುಗ ಕೇಳುವುದಕ್ಕಿಂತ ಮನೆಯ ಹಿರಿಯರು ಕೇಳಿದರೆ ಮಾತಿಗೆ ತೂಕ ಬರುತ್ತದೆ. ಸಂಬಂಧ ಉಳಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಕೆಲಸದ ಸ್ವರೂಪ ಮತ್ತು ದಿನಚರಿ

ದೊಡ್ಡ ಕಂಪನಿಯಲ್ಲಿ ಪದ್ಧತಿ ಕಲಿಯಲು ಸಿಗುತ್ತದೆ, ತರಬೇತಿ ಸಿಗುತ್ತದೆ, ಹೆಸರು ಸಿಗುತ್ತದೆ. ಆದರೆ ಒಬ್ಬ ಮನುಷ್ಯ ಒಂದು ಯಂತ್ರದ ಒಂದೇ ಭಾಗವನ್ನು ಹತ್ತು ವರ್ಷ ನೋಡುತ್ತಾ ಉಳಿಯಬಹುದು. ಸಣ್ಣ ಕಂಪನಿಯಲ್ಲಿ ಖರೀದಿ, ಉತ್ಪಾದನೆ, ಗಿರಾಕಿ, ಬ್ಯಾಂಕು ಎಲ್ಲವೂ ಕಣ್ಣ ಮುಂದೆ ನಡೆಯುತ್ತವೆ. ಮುಂದೆ ಸ್ವಂತ ಉದ್ಯೋಗ ಮಾಡುವ ಆಸೆ ಇದ್ದವರಿಗೆ ಅಲ್ಲಿನ ಮೂರು ವರ್ಷ ಒಳ್ಳೆಯ ಶಾಲೆ. ಅದೇ ಹೊತ್ತಿಗೆ ಬದಲಿ ಜನ ಇರುವುದಿಲ್ಲ, ರಜೆ ಹಾಕಲು ಕಷ್ಟ, ಮಾಲೀಕರ ಸ್ವಭಾವವೇ ಕಂಪನಿಯ ನಿಯಮ. ಕಲಿಯುವ ಆಸೆಯಿಂದ ಹೋಗುವುದು ಬೇರೆ, ಈಗಿನ ಮ್ಯಾನೇಜರ್ ಮೇಲಿನ ಸಿಟ್ಟಿನಿಂದ ಹೋಗುವುದು ಬೇರೆ. ಸಿಟ್ಟಿನಿಂದ ಹೋಗುವವರು ಇದ್ದಲ್ಲೇ ವಿಭಾಗ ಬದಲಿಸಲು ಸಾಧ್ಯವೇ ಎಂದು ಮೊದಲು ನೋಡುವುದು ಮೇಲು.

ನಮ್ಮ ಮನೆಗಳ ದಿನಚರಿಗೆ ಸಂಬಂಧಿಸಿದ ಕೆಲವು ಪ್ರಶ್ನೆಗಳೂ ಇವೆ. ಸೂರ್ಯಾಸ್ತದ ಮೊದಲು ಊಟ ಮಾಡುವವರು ಕೆಲಸದ ವೇಳೆಯನ್ನು ಮೊದಲೇ ಕೇಳಿ ತಿಳಿಯಬೇಕು. ಭಾದ್ರಪದದಲ್ಲಿ ಪರ್ಯೂಷಣ ಅಥವಾ ದಶಲಕ್ಷಣದ ದಿನಗಳಲ್ಲಿ ಉಪವಾಸ ಮಾಡುವವರಿಗೆ ರಜೆ ಅಥವಾ ಹಗುರ ಕೆಲಸ ಸಾಧ್ಯವೇ ಎಂಬುದನ್ನೂ ಸೇರುವ ಮೊದಲೇ ಹೇಳಿಡುವುದು ಒಳ್ಳೆಯದು. ಸಣ್ಣ ಕಂಪನಿಯಲ್ಲಿ ಮಾಲೀಕರೊಡನೆ ನೇರ ಮಾತಾಡಿ ಇದನ್ನು ಬಗೆಹರಿಸಿಕೊಳ್ಳುವುದು ಎಷ್ಟೋ ಸಲ ಸುಲಭ. ಕಂಪನಿ ಏನು ತಯಾರಿಸುತ್ತದೆ, ಯಾರಿಗೆ ಮಾರುತ್ತದೆ ಎಂಬುದನ್ನೂ ನೋಡಬೇಕು. ಸಾವಿರಾರು ಜನರ ಕಂಪನಿಯಲ್ಲಿ ಒಪ್ಪದ ಕೆಲಸದಿಂದ ಬೇರೆ ವಿಭಾಗಕ್ಕೆ ಹೋಗಬಹುದು, ನಲವತ್ತು ಜನರಲ್ಲಿ ಅದು ಆಗುವುದಿಲ್ಲ.

ಮದುವೆ ಮತ್ತು ಮನೆ ಸಾಲ

ಮದುವೆಯ ಮಾತುಕತೆಯಲ್ಲಿ "ಹುಡುಗ ಯಾವ ಕಂಪನಿ" ಎಂದು ಕೇಳುವುದು ವಾಡಿಕೆಯಾಗಿದೆ. ಹೆಸರು ಕೇಳದ ಕಂಪನಿ ಎಂದರೆ ಎದುರಿನವರ ಮುಖ ಬಾಡುತ್ತದೆ. ಈ ಕಾರಣಕ್ಕೇ ಇಷ್ಟವಿಲ್ಲದ ನೌಕರಿಯಲ್ಲಿ ಉಳಿದವರಿದ್ದಾರೆ. ಮದುವೆಗೆ ಮೊದಲು ಒಂದು ಕಂಪನಿ ಹೇಳಿ, ನಂತರ ಒಂದೇ ತಿಂಗಳಲ್ಲಿ ಬದಲಿಸಿದವರೂ ಇದ್ದಾರೆ. ಎರಡೂ ಸರಿಯಲ್ಲ. ಬದಲಿಸುವ ಯೋಚನೆ ಇದ್ದರೆ ಎದುರಿನ ಮನೆಯವರಿಗೆ ಮೊದಲೇ ಹೇಳಬೇಕು. ಹೆಣ್ಣಿನ ಕಡೆಯವರೂ ಕಂಪನಿಯ ಹೆಸರು ಕೇಳುವ ಬದಲು ಹುಡುಗನ ಕೈಯಲ್ಲಿರುವ ವಿದ್ಯೆ, ಮೈಮೇಲಿರುವ ಸಾಲ, ಅವನ ನಡತೆ ವಿಚಾರಿಸಿದರೆ ಹೆಚ್ಚು ತಿಳಿಯುತ್ತದೆ.

ಮನೆ ಸಾಲದ ವಿಷಯದಲ್ಲಿ ಬ್ಯಾಂಕುಗಳು ಸಂಬಳದ ಚೀಟಿಗಳ ಜೊತೆಗೆ ಯಾವ ಸಂಸ್ಥೆ, ಎಷ್ಟು ವರ್ಷದ ಸೇವೆ ಎಂಬುದನ್ನೂ ನೋಡುತ್ತವೆ. ಹೊಸದಾಗಿ ಸಣ್ಣ ಕಂಪನಿಗೆ ಸೇರಿದವನಿಗೆ ಸಾಲ ಸಿಗುವುದು ತಡವಾಗಬಹುದು. ಈಗಾಗಲೇ ಸಾಲ ಇದ್ದವರು, ಸಂಬಳ ಬರದಿದ್ದರೂ ಆರು ತಿಂಗಳ ಕಂತು ಮತ್ತು ಮನೆ ಖರ್ಚು ನಡೆಯುವಷ್ಟು ಹಣ ಬೇರೆ ಇಟ್ಟ ಮೇಲೆಯೇ ಹೆಜ್ಜೆ ಇಡಬೇಕು. ಚಿನ್ನ, ನಿವೇಶನ ಈ ಲೆಕ್ಕದಲ್ಲಿ ಬರುವುದಿಲ್ಲ. ಬೇಕೆಂದಾಗ ಕೈಗೆ ಸಿಗುವ ಹಣ ಮಾತ್ರ ಬರುತ್ತದೆ.

ಬಿಡುವುದೆಂದು ನಿರ್ಧಾರವಾದರೆ

1. ಹೊಸ ಕಂಪನಿಯ ನೇಮಕಾತಿ ಪತ್ರ ಕೈಗೆ ಬಂದ ಮೇಲೆಯೇ ರಾಜೀನಾಮೆ ಕೊಡಬೇಕು. ಫೋನಿನ ಮಾತು ಸಾಲದು. ಪತ್ರದಲ್ಲಿ ಮೂಲ ವೇತನ, ಪಿಎಫ್, ನೋಟಿಸ್ ಅವಧಿ ಸ್ಪಷ್ಟವಾಗಿರಬೇಕು. ವರ್ಷದ ಒಟ್ಟು ವೆಚ್ಚ ಎಂದು ತೋರಿಸುವ ಸಿಟಿಸಿ ಮೊತ್ತದಲ್ಲಿ ಮಾಲೀಕರ ಪಿಎಫ್ ಮತ್ತು ಗ್ರಾಚ್ಯುಟಿ ಸೇರಿದೆಯೇ ಎಂದು ನೋಡಬೇಕು.

2. ಪಿಎಫ್ ಹಣ ತೆಗೆಯಬಾರದು. ಯುಎಎನ್ ಸಂಖ್ಯೆ ಅದೇ ಇರುತ್ತದೆ, ಖಾತೆಯನ್ನು ವರ್ಗಾಯಿಸಿಕೊಂಡರೆ ಸಾಕು. ಹಳೆಯ ಮತ್ತು ಹೊಸ ಸೇವೆ ಸೇರಿ ಐದು ವರ್ಷ ಆಗುವ ಮೊದಲು ತೆಗೆದರೆ ತೆರಿಗೆ ಬೀಳುತ್ತದೆ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ನಡುವೆ ಖಾತೆ ಖಾಲಿ ಮಾಡಿದವರು ಅದನ್ನು ಕಳೆದುಕೊಳ್ಳುತ್ತಾರೆ.

3. ನೋಟಿಸ್ ಅವಧಿ ಪೂರ್ತಿ ಮಾಡಿ, ಕೆಲಸವನ್ನು ಸರಿಯಾಗಿ ಒಪ್ಪಿಸಿ, ಬಿಡುಗಡೆ ಪತ್ರ ಮತ್ತು ಅನುಭವ ಪತ್ರ ಪಡೆಯಬೇಕು. ಸಣ್ಣ ಕಂಪನಿ ನಡೆಯದೆ ಮತ್ತೆ ದೊಡ್ಡದಕ್ಕೆ ಹೋಗಬೇಕಾದರೆ ಈ ಕಾಗದಗಳೇ ಬಾಗಿಲು ತೆರೆಯುವುದು.

4. ಹಳೆಯ ಕಂಪನಿಯ ಒಪ್ಪಂದವನ್ನು ಓದಬೇಕು. ಬಿಟ್ಟ ಮೇಲೆ ಬೇರೆ ಕಡೆ ಕೆಲಸ ಮಾಡಬಾರದು ಎಂಬ ಷರತ್ತು 1872ರ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆದರೆ ಅಲ್ಲಿನ ನಕ್ಷೆ, ಗಿರಾಕಿಗಳ ಪಟ್ಟಿ, ಗುಟ್ಟಿನ ಮಾಹಿತಿ ತೆಗೆದುಕೊಂಡು ಹೋಗುವಂತಿಲ್ಲ. ಅದು ಕಾನೂನಿಗೂ ವಿರುದ್ಧ, ಅಚೌರ್ಯಕ್ಕೂ ವಿರುದ್ಧ.

5. ಒಂದೇ ಹಣಕಾಸು ವರ್ಷದಲ್ಲಿ ಎರಡು ಕಡೆ ಸಂಬಳ ಪಡೆದರೆ ಹಳೆಯ ಸಂಬಳ ಮತ್ತು ತೆರಿಗೆಯ ವಿವರವನ್ನು ಹೊಸ ಕಂಪನಿಗೆ ಕೊಡಬೇಕು. ಇಲ್ಲದಿದ್ದರೆ ಇಬ್ಬರೂ ಪೂರ್ತಿ ವಿನಾಯಿತಿ ಲೆಕ್ಕ ಹಾಕುತ್ತಾರೆ, ವರ್ಷದ ಕೊನೆಗೆ ತೆರಿಗೆ ಒಟ್ಟಿಗೆ ಕಟ್ಟಬೇಕಾಗುತ್ತದೆ.

6. ತಂದೆ ತಾಯಿಯ ಹೊಸ ವಿಮೆ ಚಾಲ್ತಿಗೆ ಬಂದ ದಿನಾಂಕವೂ ಕೊನೆಯ ಕೆಲಸದ ದಿನವೂ ಹೊಂದಿಕೊಳ್ಳಬೇಕು. ನಡುವೆ ಒಂದು ದಿನವೂ ಖಾಲಿ ಇರಬಾರದು.

ಹಿರಿಯರಿಗೆ ಒಂದು ಮಾತು

ಲೆಕ್ಕ ಹಾಕಿ ನೋಡಿದ ಮೇಲೆ ಉಳಿಯುವುದೇ ಸರಿ ಎಂದು ಕಂಡರೆ ಉಳಿಯುವುದರಲ್ಲಿ ಹೇಡಿತನವಿಲ್ಲ. ಸಾಲ, ಕಾಯಿಲೆ, ಚಿಕ್ಕ ಮಕ್ಕಳು ಇರುವ ಮನೆಗೆ ಇನ್ನೆರಡು ವರ್ಷ ಕಾಯುವುದೇ ವಿವೇಕ ಆಗಬಹುದು. ಆ ಎರಡು ವರ್ಷದಲ್ಲಿ ಸಾಲ ಇಳಿಸಿ, ವಿಮೆ ಮಾಡಿ, ಕೈಯಲ್ಲಿ ಹಣ ಕೂಡಿಸಿದರೆ ಮುಂದಿನ ಕರೆ ಬಂದಾಗ ಉತ್ತರ ಬೇರೆಯಾಗುತ್ತದೆ.

ಲೆಕ್ಕ ಹೋಗು ಎಂದರೆ ಹೋಗಲು ಬಿಡಬೇಕು. ಅಂಗಡಿ ತೆರೆದ ಅಜ್ಜಂದಿರು ಯಾರ ನೇಮಕಾತಿ ಪತ್ರವನ್ನೂ ಕಾದು ಕೂತವರಲ್ಲ. ಒಂದು ವೇಳೆ ಸಣ್ಣ ಕಂಪನಿ ನಡೆಯದೆ ಮಗನೋ ಮಗಳೋ ಮನೆಗೆ ಬಂದರೆ "ನಾವು ಮೊದಲೇ ಹೇಳಿರಲಿಲ್ಲವೆ" ಎಂಬ ಮಾತು ಬಾಯಿಂದ ಬರದಿರಲಿ. ಆ ದಿನ ಅವರಿಗೆ ಬೇಕಾದದ್ದು ಒಂದು ಹೊತ್ತಿನ ಊಟ, ನಿದ್ದೆ ಮತ್ತು ಮರುದಿನ ಮತ್ತೆ ಜೊತೆಗೆ ಕೂತು ಲೆಕ್ಕ ಹಾಕುವ ಮನೆಯವರು.